ಸಣ್ಣ ಕಾವುಪೆಟ್ಟಿಗೆಯಲ್ಲಿ ಮರಿ ಮಾಡಿಸುವ ಲೆಕ್ಕ
(ಪೊನ್ನಂಪೇಟೆಯಲ್ಲಿ ಕೋಳಿ ಸಾಕುವ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಪಾಠ ಹೇಳುವವನು ಕೋಳಿಮೊಟ್ಟೆಯ ವಿಷಯದಲ್ಲಿ ಏನು ಹೇಳಿಯಾನು ಎಂದು ತಮಗೆ ಅನಿಸಬಹುದು. ಆದರೆ ಕಾವುಪೆಟ್ಟಿಗೆಯ ಪ್ರಶ್ನೆ ಬಹುಮಟ್ಟಿಗೆ ಸಸಿಮಡಿಯ ಪ್ರಶ್ನೆಯೇ. ಇರುವ ಜಾಗ ಇಷ್ಟೇ. ಯಾವ ಬೀಜ ಹಾಕಬೇಕು, ಯಾವಾಗ ಹಾಕಬೇಕು, ಮೊಳೆಯದ್ದನ್ನು ಯಾವಾಗ ತೆಗೆಯಬೇಕು ಎಂಬುದೇ ಇಲ್ಲಿಯೂ ಲೆಕ್ಕ.

45 ಮೊಟ್ಟೆ ಹಿಡಿಯುವ ಪೆಟ್ಟಿಗೆ ಮನೆಯಲ್ಲಿದೆ, ದಿನಕ್ಕೆ ನಾಲ್ಕು ನಾಟಿ ಮೊಟ್ಟೆ ಸಿಗುತ್ತವೆ ಎಂದು ಇಟ್ಟುಕೊಳ್ಳೋಣ. ಪೆಟ್ಟಿಗೆ ತುಂಬಲೆಂದು ಕಾದರೆ ಹನ್ನೆರಡು ದಿನ ಬೇಕು. ಏಳು ದಿನ ದಾಟಿದ ಮೊಟ್ಟೆಯಲ್ಲಿ ಮರಿಯಾಗುವ ಶಕ್ತಿ ದಿನೇ ದಿನೇ ಕುಗ್ಗುತ್ತದೆ. ಆದುದರಿಂದ ವಾರಕ್ಕೊಮ್ಮೆ ಇಡುವುದು ಲೇಸು. ವಾರದ 28 ಮೊಟ್ಟೆಗಳಲ್ಲಿ ತೀರಾ ಸಣ್ಣವು, ತೀರಾ ದೊಡ್ಡವು, ಬಿರುಕುಬಿಟ್ಟವು, ಸೊಟ್ಟಗಿರುವವು ಅಡಿಗೆಮನೆಗೆ ಹೋಗಲಿ. ಉತ್ತಮವಾದ 15ನ್ನು ಮಾತ್ರ ಪೆನ್ಸಿಲ್‌ನಿಂದ ತಾರೀಖು ಬರೆದು ಇಡಿ. ಮೊದಲ ತಂಡ 18ನೇ ದಿನ ಪೆಟ್ಟಿಗೆಯಿಂದ ಹೊರಬರುತ್ತದೆ. ನಾಲ್ಕನೆಯ ತಂಡ ಒಳಗೆ ಹೋಗುವುದು 21ನೇ ದಿನ. ಹೀಗೆ ಯಾವಾಗಲೂ 45 ಮೀರುವುದಿಲ್ಲ, ಮೂರು ವಾರದ ಒಟ್ಟು ಸಂಖ್ಯೆಯೂ ಕಡಿಮೆಯಾಗುವುದಿಲ್ಲ. ತೊಂದರೆ ಒಂದಿದೆ: ಮರಿಗಳು ಬೇರೆ ಬೇರೆ ವಯಸ್ಸಿನವಾಗುವುದರಿಂದ ಮೊದಮೊದಲು ಪ್ರತ್ಯೇಕವಾಗಿ ಸಾಕಬೇಕು.

ಶೇಖರಿಸುವ ಮೊಟ್ಟೆಯನ್ನು ತೊಳೆಯಬೇಡಿ. 13ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪು ಇದಕ್ಕೆ ಒಳ್ಳೆಯದು. ನಮ್ಮ ಚಳಿಗಾಲದ ಕೋಣೆ ಸಾಕು. ಮಾರ್ಚ್, ಏಪ್ರಿಲ್‌ನಲ್ಲಿ ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆ ಬೇಕಾಗುತ್ತದೆ.

ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಸುಮಾರು 37.5 ಡಿಗ್ರಿ ಶಾಖವಿರಲಿ. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ಮೇಲ್ಮಟ್ಟದಲ್ಲಿ ಅಳೆದಾಗ 38.5ರ ಆಸುಪಾಸು ಇರಬೇಕು. ದಿನಕ್ಕೆ ಮೂರು ಅಥವಾ ಐದು ಸಲ ಮೊಟ್ಟೆ ತಿರುಗಿಸಬೇಕು. ಏಳನೇ ರಾತ್ರಿ ಕತ್ತಲೆಯಲ್ಲಿ ಟಾರ್ಚ್ ಹಿಡಿದು ನೋಡಿ. ಜೇಡರ ಕಾಲಿನಂತೆ ಕೆಂಪು ನರಗಳು ಕಂಡರೆ ಜೀವವಿದೆ. ತಿಳಿಯಾಗಿದ್ದರೆ ಹುಂಜ ಕೂಡಿಲ್ಲ. ರಕ್ತದ ಉಂಗುರ ಮಾತ್ರ ಕಂಡರೆ ಸತ್ತಿದೆ. ಕೆಟ್ಟವನ್ನು ತೆಗೆಯಿರಿ. ಮೂರು ಜಾಗ ಖಾಲಿಯಾದರೆ ಮುಂದಿನ ತಂಡದಲ್ಲಿ 15ರ ಬದಲು 18 ಇಡಬಹುದು. ನಡುವೆ ಒಂದೊಂದಾಗಿ ತುರುಕಿದರೆ ಕೊನೆಗೆ ಯಾವುದರ ದಿನ ಯಾವುದು ಎಂದು ತಿಳಿಯುವುದಿಲ್ಲ.

ಇನ್ನು ಮಳೆಗಾಲದ ಮಾತು. ಪೆಟ್ಟಿಗೆಯ ಜೊತೆ ಬರುವ ಪುಸ್ತಿಕೆ ನೀರಿನ ತಟ್ಟೆ ಇಡಿ ಎನ್ನುತ್ತದೆ. ಅದನ್ನು ಬರೆದವರು ಕೊಡಗಿನ ಜುಲೈ ತಿಂಗಳನ್ನು ಕಂಡವರಲ್ಲ! ಮೊಟ್ಟೆಯೊಳಗಿನ ನೀರು ಸ್ವಲ್ಪ ಸ್ವಲ್ಪವಾಗಿ ಆರಿ, ದಪ್ಪ ತುದಿಯ ಗಾಳಿಕೋಶ ದೊಡ್ಡದಾಗಬೇಕು. ಹೊರಗಿನ ಗಾಳಿಯೇ ಒದ್ದೆಯಾಗಿರುವಾಗ ತಟ್ಟೆಯನ್ನೂ ತುಂಬಿಸಿದರೆ ಕೋಶ ಬೆಳೆಯದೆ, ಪೂರ್ತಿ ಬೆಳೆದ ಮರಿ ಚಿಪ್ಪೊಳಗೇ ಉಸಿರುಕಟ್ಟಿ ಸಾಯುತ್ತದೆ. ಊಹೆ ಬೇಡ, ತಕ್ಕಡಿ ಇರಲಿ. ಇಡುವಾಗ 50 ಗ್ರಾಂ ಇದ್ದ ಮೊಟ್ಟೆ 18ನೇ ದಿನಕ್ಕೆ 44 ಗ್ರಾಂ ಹತ್ತಿರ ಬರಬೇಕು. ತೂಕ ಇಳಿಯದಿದ್ದರೆ ತಟ್ಟೆ ತೆಗೆದು ಗಾಳಿಕಿಂಡಿ ತೆರೆಯಿರಿ.

ಕರೆಂಟು ಹೋದಾಗ ಹೆದರಿ ಮುಚ್ಚಳ ತೆಗೆದು ತೆಗೆದು ನೋಡಬಾರದು. ಪೆಟ್ಟಿಗೆಗೆ ಕಂಬಳಿ ಹೊದಿಸಿ. ಹೊತ್ತು ಹೆಚ್ಚಾದರೆ ಬಿಸಿನೀರಿನ ಬಾಟಲಿ ಇಡಿ. ಒಂದೆರಡು ಗಂಟೆಯ ತಂಪಿನಿಂದ ಮರಿ ಹೊರಬರುವುದು ತಡವಾಗಬಹುದು, ಅಷ್ಟೆ. ಅತಿಯಾದ ಶಾಖ ಅದಕ್ಕಿಂತ ಬೇಗ ಕೊಲ್ಲುತ್ತದೆ.

ಕೊನೆಯ ಮೂರು ದಿನ ಮೊಟ್ಟೆ ತಿರುಗಿಸಬಾರದು, ತೇವ ಮಾತ್ರ ಹೆಚ್ಚಿರಬೇಕು. ಇದು ಉಳಿದ ತಂಡಗಳಿಗೆ ಹೊಂದುವುದಿಲ್ಲ. ಅದಕ್ಕಾಗಿ ಇನ್ನೊಂದು ಪೆಟ್ಟಿಗೆ ಕೊಳ್ಳುವ ಮೊದಲು ಮನೆಯ ಕಾವುಕೋಳಿಯನ್ನು ನೆನೆಯಿರಿ. ಕಾವಿಗೆ ಕೂತ ಹೇಂಟೆಯನ್ನು ಒಂದು ವಾರ ಹುಸಿಮೊಟ್ಟೆಯ ಮೇಲೆ ಕೂರಿಸಿ, 18ನೇ ದಿನದ ರಾತ್ರಿ ಹತ್ತು ಹನ್ನೆರಡು ಮೊಟ್ಟೆ ಬದಲಾಯಿಸಿದರೆ ಉಳಿದ ಕೆಲಸ ಅವಳದು. ಕರೆಂಟೂ ಬೇಡ, ಮರಿ ಸಾಕುವ ಬಲ್ಬೂ ಬೇಡ. ಹೇನು ಇಲ್ಲದಂತೆ ಮೊದಲೇ ನೋಡಿಕೊಳ್ಳಬೇಕು. ಹೇಂಟೆಯನ್ನು ಮೊದಲ ದಿನದಿಂದಲೇ ಕೂರಿಸಿದರೆ 21 ದಿನಕ್ಕೆ ಒಂದು ತಂಡ ಮಾತ್ರ. ಕೊನೆಯಲ್ಲಿ ಕೂರಿಸಿದರೆ ಅವಳ ಅದೇ ಕಾವಿನ ಅವಧಿಯಲ್ಲಿ ಪೆಟ್ಟಿಗೆಗೂ ಜಾಗ ಸಿಗುತ್ತದೆ.

ಗಿರಿರಾಜ ಕೋಳಿಯ ಮೊಟ್ಟೆ ಇಡಬಹುದೇ ಎಂದು ಹಲವರು ಕೇಳುತ್ತಾರೆ. ಮರಿಯೇನೋ ಆಗುತ್ತದೆ, ಆದರೆ ಅದು ಮಿಶ್ರತಳಿ. ತಾಯಿಯ ಗುಣ ಮರಿಗಳಲ್ಲಿ ಸಮನಾಗಿ ಬರುವುದಿಲ್ಲ. ಸಂಕರಣ ಜೋಳದ ಬೀಜವನ್ನು ಮತ್ತೆ ಬಿತ್ತಿದ ಹಾಗೆ. ಸಣ್ಣ ಪೆಟ್ಟಿಗೆಯ ಜಾಗವನ್ನು ನಾಟಿ ಮೊಟ್ಟೆಗೇ ಮೀಸಲಿಡುವುದು ನನ್ನ ಅಭಿಪ್ರಾಯ.

ನಾಟಿ ಹುಂಜ ಮಾರಾಟದ ತೂಕಕ್ಕೆ ಬರಲು ಸುಮಾರು ಐದು ತಿಂಗಳು ಬೇಕು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್‌ಗೆ ಮಾರಬೇಕೆನ್ನುವವರ ಮರಿಗಳು ಏಪ್ರಿಲ್ ಮೊದಲ ವಾರ ಹೊರಬಂದಿರಬೇಕು. ಎಂದರೆ ಮಾರ್ಚ್ 10ರಿಂದ 15ರೊಳಗೆ ಮೊಟ್ಟೆ ಪೆಟ್ಟಿಗೆಯಲ್ಲಿರಬೇಕು. ಅದಕ್ಕೆ ಬೇಕಾದ ಮೊಟ್ಟೆಯ ಶೇಖರಣೆ ಮಾರ್ಚ್ ಮೊದಲ ವಾರದಲ್ಲೇ ಆರಂಭವಾಗಬೇಕು. ಮರಿ ಹುಟ್ಟಿದ ಮೊದಲ ವಾರದಲ್ಲೇ ಕೊಕ್ಕರೆ ರೋಗದ ಲಸಿಕೆ ಹಾಕಿಸಲು ಹತ್ತಿರದ ಪಶು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಡಿ.