ಹಾಜರಿ ಪುಸ್ತಕದಿಂದ ಜಾಮೀನಿನವರೆಗೆ



"ಕಳವು ಮಾಡಿ ಒಳಗ ಹೋದಾಂವ ನಾಕು ದಿನಕ್ಕ ಹೊರಗ ಬರ್ತಾನ, ಮತ್ತ ಅದನ್ನ ಮಾಡ್ತಾನ." ಗದಗಿನ ಪ್ಯಾಟಿಯಲ್ಲೂ ಮುಂಡರಗಿ ಬಸ್‌ಸ್ಟ್ಯಾಂಡಿನಲ್ಲೂ ಕೇಳುವ ಮಾತಿದು. ಮನೆ ಕೀಲಿ ಮುರಿಸಿಕೊಂಡವರ ಸಿಟ್ಟು ನ್ಯಾಯವಾದದ್ದೇ. ಆದರೆ ಒಬ್ಬನನ್ನು ರೂಢಿಗತ ಅಪರಾಧಿ ಎಂದು ತೀರ್ಮಾನಿಸುವುದು ಕೋರ್ಟಿನ ತೀರ್ಪೋ, ಠಾಣೆಯ ಪುಸ್ತಕವೋ?

ಈ ಪ್ರಶ್ನೆ ಹಳೆಯದು. ಗದಗಿಗೆ ಅಂಟಿಕೊಂಡ ಬೆಟಗೇರಿಯ ಸೆಟ್ಲಮೆಂಟ್ ನಿಮಗೆಲ್ಲ ಗೊತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ಹೊಸ ರೂಪ ತಳೆದ ಮೇಲೆ ಮುಂಬಯಿ ಸರಕಾರ ವಿಜಯಪುರ, ಹುಬ್ಬಳ್ಳಿ, ಸೊಲ್ಲಾಪುರಗಳಂತೆ ಇಲ್ಲಿಯೂ ವಸಾಹತು ಮಾಡಿತು. ಗಂಟಿಚೋರ, ಕೊರಮ, ಹರಣಶಿಕಾರಿ ಎಂದು ಜಾತಿಯ ಹೆಸರಲ್ಲೇ ಪಟ್ಟಿ. ಬೆರಳಚ್ಚು, ಹಾಜರಿ, ಊರು ಬಿಡಲು ಪಾಸು. ಆಗ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು. ರೈತ ಆ ಸಂಸ್ಥಾನಗಳ ಗಡಿ ದಾಟಿ ಸಂತೆಗೆ ಹೋಗಿಬರುತ್ತಿದ್ದ, ಸೆಟ್ಲಮೆಂಟಿನವ ಕೇಳದೆ ಹೊರಬಿದ್ದರೆ ಅದೇ ಅಪರಾಧ. 1924ರ ಕಾಯ್ದೆಯೂ ಕಠಿಣ: ಪಟ್ಟಿಯಲ್ಲಿದ್ದವನಿಗೆ ಕೆಲವು ಅಪರಾಧಗಳಲ್ಲಿ ಎರಡನೇ ಸಲ ಕನಿಷ್ಠ ಏಳು ವರ್ಷ, ಮೂರನೇ ಸಲ ಜೀವಾವಧಿ ಕರಿನೀರು. ಎಪ್ಪತ್ತು ವರ್ಷಗಳ ಬಳಿಕ, 1994ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾ ಎರಡನೇ, ಮೂರನೇ ಸಲಕ್ಕೆ ಶಿಕ್ಷೆ ಏರಿಸುವ ಇಂಥದೇ ಕಾನೂನು ತಂದಿತು. ಸಣ್ಣ ಕಳವಿಗೂ ಜೀವಾವಧಿ ಜೈಲಾಗುವುದನ್ನು ನೋಡಿದ ಅಲ್ಲಿನ ಮತದಾರರೇ 2012ರಲ್ಲಿ ಅದನ್ನು ಸಡಿಲಿಸಿದರು.

1952ರಲ್ಲಿ ಆ ಪಟ್ಟಿ ರದ್ದಾಯಿತು, ಜನ 'ವಿಮುಕ್ತ'ರಾದರು. 1961ರಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆ ನಮ್ಮ ರಾಜ್ಯಕ್ಕೆ ಬಂತು. ಜಾತಿಯ ಪುಸ್ತಕ ಮುಚ್ಚಿದರೂ ಸಂಶಯ ಉಳಿಯಿತು. ವಿಮುಕ್ತ ಸಮುದಾಯದವರನ್ನು ಮನಬಂದಂತೆ ಹಿಡಿಯಬೇಡಿ ಎಂದು 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಪೊಲೀಸರಿಗೆ ಹೇಳಬೇಕಾಗಿ ಬಂದದ್ದು ಅದಕ್ಕೇ.

ಈಗ 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ನೋಡಿ. ಮೊದಲ ಸಲದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ವಿಚಾರಣೆ ಮುಗಿಯುವ ಮುನ್ನವೇ ಜೈಲಿನಲ್ಲಿ ಕಳೆದರೆ ಜಾಮೀನಿನ ಮೇಲೆ ಬಿಡುಗಡೆ, ಉಳಿದವರಿಗೆ ಅರ್ಧ ಕಳೆದ ಮೇಲೆ. ಒಳ್ಳೆಯ ಹೆಜ್ಜೆ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದಿಲ್ಲ, ಅದೂ ಸರಿಯೇ. ಆದರೆ ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದರೆ ಈ ಸವಲತ್ತೇ ಇಲ್ಲ. ಬಾಕಿ, ಗಮನಿಸಿ, ಸಾಬೀತಾದದ್ದಲ್ಲ. ಒಬ್ಬ ಬಡವನನ್ನು ಹಿಡಿದು ಪತ್ತೆಯಾಗದ ನಾಲ್ಕು ಕಳವುಗಳನ್ನು ಅವನ ತಲೆಗೆ ಕಟ್ಟಿದರೆ ಸಾಕು, ಒಂದು ತೀರ್ಪೂ ಇಲ್ಲದೆ ಅವನು ರೂಢಿಗತ ಅಪರಾಧಿಯಂತಾಗುತ್ತಾನೆ.

ಕೋರ್ಟಿನಲ್ಲಿ ತಪ್ಪು ಮೇಲಿಂದ ಮೇಲೆ ಸಾಬೀತಾದವನಿಗೆ ಬಿಗಿ ಶಿಕ್ಷೆ ಇರಲಿ, ನನ್ನ ತಕರಾರಿಲ್ಲ. ತೀರ್ಪನ್ನೇ ಎಣಿಸಬೇಕು, ಎಫ್‌ಐಆರ್ ಅಲ್ಲ ಎಂಬುದು ನನ್ನ ವಾದ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿ ಇದೆ. ಹಲವು ಪ್ರಕರಣಗಳ ಕಾರಣಕ್ಕೇ ಒಳಗೆ ಉಳಿದವರ ಕಡತಗಳನ್ನು ಅದು ಮೊದಲು ತೆಗೆಯಲಿ, ಉಚಿತ ಕಾನೂನು ನೆರವಿನ ವಕೀಲರು ಪ್ರತಿಯೊಂದನ್ನೂ ಬಿಡಿಸಿ ಓದಲಿ. ಈ ಸಭೆಯಲ್ಲಿರುವ ವಕೀಲರನ್ನು ನಾನು ಕೇಳಿಕೊಳ್ಳುವುದು ಇಷ್ಟೇ.