ಗುಡ್ಡದ ಊರಿಗೆ ಸುದ್ದಿ ಮುಟ್ಟುವ ಬಗೆ



ಸಮೂಹ ಮಾಧ್ಯಮಗಳ ಸ್ವಾತಂತ್ರ್ಯವನ್ನು ಕುರಿತು ಚಿಂತಿಸಲು ಮೈಸೂರಿಗಿಂತ ತಕ್ಕ ಊರು ವಿರಳ. ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಸಂಸ್ಥಾನವು ವೃತ್ತಪತ್ರಿಕೆಗಳ ನಿಯಂತ್ರಣ ಕಾಯಿದೆಯನ್ನು ತಂದಿತು. ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ಹೊರಡಿಸುವಂತಿರಲಿಲ್ಲ. ಜನರು ‘ತಾತಯ್ಯ’ ಎಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಆ ಸ್ವಾಭಿಮಾನ ಗೌರವಾರ್ಹವೇ. ಆದರೂ ಓದುಗನ ಮನೆಗೆ ಪತ್ರಿಕೆ ಬಾರದಾಯಿತು, ಆಳುವವರಿಗೂ ಅದೇ ಬೇಕಾಗಿತ್ತು.

ಇದೇ ನಗರದಲ್ಲಿ 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ, ಕೇವಲ 30 ವಾಟ್‌ನ ಪ್ರೇಷಕದಿಂದ, ಬಾನುಲಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಆ ನಿಲಯದ ಹೆಸರನ್ನೇ ಮುಂದೆ ರಾಷ್ಟ್ರದ ಪ್ರಸಾರ ಸಂಸ್ಥೆ ತನ್ನದಾಗಿಸಿಕೊಂಡಿತು.

ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪಿತ್ತಿತು. 2006ರ ನೀತಿಯನ್ವಯ ಸಮುದಾಯ ಬಾನುಲಿ ನಡೆಸಲು ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ದೊರೆಯಿತು. ಆದರೆ ಅಂತಹ ನಿಲಯ ತನ್ನದೇ ಸುದ್ದಿಯನ್ನು ಸಿದ್ಧಪಡಿಸಿ ಬಿತ್ತರಿಸುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದಷ್ಟೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಯಾವಾಗ ಸಿಂಪಡಿಸಬೇಕೆಂದು ಹೇಳಬಹುದು. ಅದೇ ತೋಟದ ಮೇಲೆ ಹಾಯಲಿರುವ ವಿದ್ಯುತ್ ಮಾರ್ಗದ ಬಗ್ಗೆ ಗ್ರಾಮಸಭೆಯಲ್ಲಿ ನಡೆದ ವಾಗ್ವಾದವನ್ನು ವಾರ್ತೆಯಾಗಿ ಓದುವಂತಿಲ್ಲ. ಮುದ್ರಣಕ್ಕೂ ದೂರದರ್ಶನಕ್ಕೂ ಇಲ್ಲದ ಈ ನಿರ್ಬಂಧ, ಪತ್ರಿಕೆ ತಡವಾಗಿ ತಲುಪುವ ಊರಿನ ಮಾಧ್ಯಮಕ್ಕೇ ಏಕೆ? ಇದಕ್ಕೆ ಸಮಾಧಾನಕರ ಉತ್ತರ ಈವರೆಗೆ ಬಂದಿಲ್ಲ.

ಇದು ಕೇವಲ ತತ್ತ್ವದ ಪ್ರಶ್ನೆಯಲ್ಲ. ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯನ್ನೇ ನೋಡಿ. ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಬೇಕು. ಅದು ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿಯೂ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿಯೂ ಪ್ರಕಟವಾಗಬೇಕು. ಪತ್ರಿಕೆ ತಲುಪದ ಸ್ಥಳಗಳಲ್ಲಿ ಡಂಗುರ ಸಾರಿ, ಬಾನುಲಿಯಲ್ಲಿ ಹೇಳಿ ತಿಳಿಸಬೇಕೆಂದೂ ಅಲ್ಲಿ ಬರೆದಿದೆ. (ಡಂಗುರ ಕೇಳಿದವರು ಈ ಸಭೆಯಲ್ಲಿ ಇದ್ದರೆ ದಯವಿಟ್ಟು ತಿಳಿಸಬೇಕು!) 2020ರ ಕರಡು ಈ 30 ದಿನಗಳನ್ನು 20ಕ್ಕೆ ಇಳಿಸಲು ಹೊರಟಿತು. ಆ ಕರಡನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅನುವಾದಿಸಿರೆಂದು ದೆಹಲಿ ಉಚ್ಚ ನ್ಯಾಯಾಲಯವೇ ಆದೇಶಿಸಬೇಕಾಯಿತು.

ಸಂವಿಧಾನದ 19ನೆಯ ವಿಧಿಯಲ್ಲಿ ‘ಪತ್ರಿಕೆ’ ಎಂಬ ಶಬ್ದವೇ ಇಲ್ಲ. ಅಲ್ಲಿರುವುದು ಪ್ರತಿಯೊಬ್ಬ ನಾಗರಿಕನ ವಾಕ್ ಸ್ವಾತಂತ್ರ್ಯ. ಪತ್ರಿಕೆಯ ಸ್ವಾತಂತ್ರ್ಯ ಅದರಿಂದಲೇ ಹುಟ್ಟಿದ್ದು. ಆದ್ದರಿಂದ ವರದಿಗಾರನಿಲ್ಲದ ಊರಿನಲ್ಲಿ ವಿದ್ಯಾರ್ಥಿಗಳಿಗೂ ಕೆಲಸವಿದೆ. ಅಹವಾಲು ಸಭೆಯ ಪ್ರಕಟಣೆ ಕಂಡೊಡನೆ ಅದನ್ನು ಕತ್ತರಿಸಿ ಸೊಸೈಟಿಯ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ ಅಂಟಿಸಿರಿ. ಕರಡು ವರದಿಯ ಪ್ರತಿ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿಯೂ ಜಿಲ್ಲಾ ಪಂಚಾಯಿತಿಯಲ್ಲಿಯೂ ನೋಡಲು ಸಿಗಬೇಕು. ಹೋಗಿ ಕೇಳಿರಿ, ಸಿಗದಿದ್ದರೆ ಅದನ್ನು ಬರವಣಿಗೆಯಲ್ಲಿ ದಾಖಲಿಸಿ, ಸಭೆಯ ದಿನ ಓದಿಹೇಳಿರಿ.