‘ಗೋ’ ಎಂಬ ಎರಡಕ್ಷರದ ಪದ

(ಸಂಸ್ಥೆಯ ವಾರ್ಷಿಕ ಸಮಾರಂಭದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವವನು. ಇಂಗ್ಲಿಷ್ ಬಗ್ಗೆ ಮಾತನಾಡಲು ಇವರನ್ನು ಯಾಕೆ ಕರೆದರು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಇಂಗ್ಲಿಷ್ ಶಿಕ್ಷಕರು ರಜೆ ಹಾಕಿದಾಗ ಆ ಪಿರಿಯಡ್ ನನ್ನ ಪಾಲಿಗೆ ಬರುತ್ತದೆ. ಅಷ್ಟೇ ನನ್ನ ಅರ್ಹತೆ. ಅಂಥ ಒಂದು ಪಿರಿಯಡ್ಡಿನಲ್ಲಿ ನಾನು ಮಾಡಿದ ತಪ್ಪಿನಿಂದಲೇ ಮಾತು ಶುರು ಮಾಡುತ್ತೇನೆ.

ಎಂಟನೇ ತರಗತಿಯ ಹುಡುಗನೊಬ್ಬ ಮೂರು ದಿನ ಶಾಲೆಗೆ ಬಂದಿರಲಿಲ್ಲ. ರಜಾ ಅರ್ಜಿಯನ್ನು ಇಂಗ್ಲಿಷಿನಲ್ಲೇ ಬರೆ ಎಂದೆ. ಅವನು ‘ಮೈ ಗ್ರ್ಯಾಂಡ್‌ಮದರ್ ಡಿಪಾರ್ಟೆಡ್ ಟು ಹಾಸ್ಪಿಟಲ್’ ಎಂದು ಬರೆದ. ನಾನು ಅದನ್ನು ಗಟ್ಟಿಯಾಗಿ ಓದಿ, “ಏನೋ, ನಾನಿಯನ್ನು ಕಳಿಸಿಯೇ ಬಿಟ್ಟೆಯಲ್ಲೋ!” ಎಂದು ನಕ್ಕೆ. ತರಗತಿಯೂ ನಕ್ಕಿತು. ಹುಡುಗ ನಗಲಿಲ್ಲ. ಅವನ ನಾನಿ ಆಗ ಆಸ್ಪತ್ರೆಯಲ್ಲೇ ಇದ್ದರು, ಸ್ಥಿತಿ ಚೆನ್ನಾಗಿರಲಿಲ್ಲ. ಅದಾದ ಮೇಲೆ ಅವನು ಇಂಗ್ಲಿಷಿನಲ್ಲಿ ಸ್ವಂತ ವಾಕ್ಯ ಬರೆಯುವುದನ್ನೇ ನಿಲ್ಲಿಸಿದ, ಬೋರ್ಡಿನ ಮೇಲಿದ್ದದ್ದನ್ನು ನಕಲು ಮಾಡುತ್ತಿದ್ದ.

ಅವನ ಗೈಡನ್ನು ತೆಗೆದು ನೋಡಿದೆ. ‘ಗೋ’ ಎಂಬ ಪದದ ಮುಂದೆ ಸಮಾನಾರ್ಥಕಗಳೆಂದು ಲೀವ್, ಡಿಪಾರ್ಟ್, ಪ್ರೊಸೀಡ್, ಮೂವ್ ಎಂದು ಸಾಲಾಗಿ ಕೊಟ್ಟಿದ್ದರು. ಹುಡುಗ ಅದನ್ನು ಬಾಯಿಪಾಠ ಮಾಡಿದ್ದ. ‘ಗೋ’ ಒಂದನೇ ತರಗತಿಯ ಪದ, ಶಿಕ್ಷಕರಿಗೆ ಬರೆಯುವ ಪತ್ರದಲ್ಲಿ ದೊಡ್ಡ ಪದ ಇರಲಿ ಎಂದು ‘ಡಿಪಾರ್ಟ್’ ಹಾಕಿದ್ದ. ಅದು ಗೌರವದಿಂದ ಆದ ತಪ್ಪು.

ಮಕ್ಕಳೇ, ಆ ಪದಗಳು ಒಂದೇ ಅಳತೆಯ ಅಂಗಿಗಳಲ್ಲ. ‘ಡಿಪಾರ್ಟ್’ ರೈಲ್ವೆ ನಿಲ್ದಾಣದ, ವಿಮಾನ ನಿಲ್ದಾಣದ ಪದ. ಮನುಷ್ಯರಿಗೆ ಬಳಸಿ ‘ದಿ ಡಿಪಾರ್ಟೆಡ್’ ಎಂದರೆ ತೀರಿಕೊಂಡವರು. ‘ಪ್ರೊಸೀಡ್’ ಎಂದರೆ ನಿಂತದ್ದು ಮುಂದುವರಿಯುವುದು, ಇಲ್ಲವೇ ಅಧಿಕಾರಿಗಳ ಮಾತು. ‘ಲೀವ್’ ಬಳಸುವಾಗ ಇನ್ನೂ ಎಚ್ಚರ ಬೇಕು. ‘ಲೀವ್ ಬೆಂಗಳೂರು’ ಎಂದರೆ ಬೆಂಗಳೂರಿನಿಂದ ಹೊರಡುವುದು, ‘ಲೀವ್ ಫಾರ್ ಬೆಂಗಳೂರು’ ಎಂದರೆ ಬೆಂಗಳೂರಿಗೆ ಹೊರಡುವುದು. ನಡುವಿನ ಒಂದು ಸಣ್ಣ ಪದ ಬಿಟ್ಟರೆ ಬಸ್ಸು ತಿರುಗಿ ಓಡುತ್ತದೆ!

ಇದು ಇಂಗ್ಲಿಷಿಗೆ ಮಾತ್ರ ಸೇರಿದ ತೊಡಕು ಎಂದು ತಿಳಿಯಬೇಡಿ. ಉರ್ದುವಿನಲ್ಲಿ ‘ಮೆಹಮಾನ್ ರವಾನಾ ಹೋ ಗಯೇ’ ಎಂದರೆ ಅತಿಥಿಗಳು ಹೊರಟರು ಎಂದು ಅರ್ಥ, ಮರ್ಯಾದೆಯ ಮಾತು. ಅದೇ ಫಾರಸಿ ಪದ ಕನ್ನಡಕ್ಕೆ ಬಂದು ‘ರವಾನೆ’ ಆಯಿತು. ಆದರೆ ಕನ್ನಡದಲ್ಲಿ ರವಾನೆಯಾಗುವುದು ಪತ್ರ, ಲಾರಿಯ ಸರಕು. ಗಾಯಾಳುಗಳನ್ನು ಆಸ್ಪತ್ರೆಗೆ ರವಾನಿಸಲಾಯಿತು ಎಂದು ಪತ್ರಿಕೆಗಳು ಬರೆಯುತ್ತವೆ, ಸರಿ. ‘ಅಧ್ಯಕ್ಷರು ರವಾನೆಯಾದರು’ ಎಂದು ನಾನು ಇಲ್ಲಿ ಹೇಳಿದರೆ ಮುಂದಿನ ವರ್ಷ ನನ್ನನ್ನು ಕರೆಯುವುದಿಲ್ಲ. ಇದನ್ನು ಯಾವ ಗೈಡೂ ನಿಮಗೆ ಕಲಿಸಲಿಲ್ಲ. ಕೇಳಿ ಕೇಳಿ ಕಲಿತಿರಿ. ಉರ್ದುವಿನ ‘ಇಂತಿಕಾಲ್’ ಕೂಡ ಮೂಲದಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವುದು. ನಮ್ಮ ಮನೆಗಳಲ್ಲಿ ಆ ಪದ ಕೇಳಿದರೆ ಎಲ್ಲರ ಬಾಯಲ್ಲೂ ‘ಇನ್ನಾ ಲಿಲ್ಲಾಹಿ’ ಬರುತ್ತದೆ. ಹಾಗಿರುವಾಗ ‘ಡಿಪಾರ್ಟ್’ ಪದದ ಎರಡು ಮುಖ ಆ ಹುಡುಗನಿಗೆ ತಿಳಿಸುವುದು ಎಷ್ಟು ಸುಲಭವಿತ್ತು! ಬಿ.ಇಡಿ.ಯಲ್ಲಿ ‘ತಿಳಿದದ್ದರಿಂದ ತಿಳಿಯದ್ದರ ಕಡೆಗೆ’ ಎಂದು ಪರೀಕ್ಷೆಗೆ ಬರೆದು ಅಂಕ ಪಡೆದವನು ನಾನು.

ಮನೆಯಿಂದ ಹೊರಡುವಾಗ ನಾವು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತೇವೆ. ದಖನಿಯಲ್ಲೂ ‘ಜಾಕೋ ಆತೂಂ’. ಬರೀ ‘ಜಾತೂಂ’ ಎಂದರೆ ನನ್ನ ಅಮ್ಮಿ ಬಾಗಿಲಲ್ಲೇ ತಡೆದು ತಿದ್ದುತ್ತಿದ್ದರು. ಅದನ್ನೇ ನಾವು ‘ಐ ವಿಲ್ ಗೋ ಅಂಡ್ ಕಮ್’ ಮಾಡುತ್ತೇವೆ. ನಮ್ಮವರಿಗೆ ಅರ್ಥವಾಗುತ್ತದೆ. ಹೊರಗಿನವರು ‘ಐ ವಿಲ್ ಬಿ ಬ್ಯಾಕ್’ ಎನ್ನುತ್ತಾರೆ. ಅಮ್ಮಿ ಕರೆದಾಗ ಕನ್ನಡದಲ್ಲಿ ‘ಬಂದೆ’, ಉರ್ದುವಿನಲ್ಲಿ ‘ಆಯಾ’, ಇನ್ನೂ ಎದ್ದೇ ಇರುವುದಿಲ್ಲ, ಆಗಲೇ ಭೂತಕಾಲ! ಇಂಗ್ಲಿಷಿನಲ್ಲಿ ಮಾತ್ರ ‘ಕಮಿಂಗ್’ ಎನ್ನಬೇಕು.

ಸಂದರ್ಶನಕ್ಕೆ ಹೋಗುವ ದೊಡ್ಡ ಮಕ್ಕಳು ಇದೊಂದನ್ನು ಗಮನಿಸಿ. ‘ಅಬ್ಬಾ ಹಜ್‌ಗೆ ಹೋಗಿದ್ದಾರೆ’ ಎಂಬ ಕನ್ನಡ ವಾಕ್ಯಕ್ಕೆ ಎರಡು ಅರ್ಥ ಬರಬಹುದು. ಅವರು ಈಗ ಅಲ್ಲಿದ್ದಾರೆ ಎಂದಾದರೆ ‘ಹ್ಯಾಸ್ ಗಾನ್’. ಹಿಂದೆ ಹೋಗಿ ಬಂದಿದ್ದಾರೆ ಎಂದಾದರೆ ‘ಹ್ಯಾಸ್ ಬೀನ್’. ಮನೆಯಲ್ಲೇ ಇರುವ ತಂದೆಯನ್ನು ‘ಹ್ಯಾಸ್ ಗಾನ್’ ಎಂದು ದುಬೈಗೋ ಮಕ್ಕಾಕ್ಕೋ ಕಳಿಸಿಬಿಡುವವರು ಅನೇಕರಿದ್ದಾರೆ.

ಕೆಲವು ಕಡೆ ಮೂರು ಭಾಷೆಗಳೂ ಜೊತೆಗೇ ನಡೆಯುತ್ತವೆ. ಹಾಲು ಕನ್ನಡದಲ್ಲಿ ‘ಕೆಟ್ಟು ಹೋಯಿತು’, ಉರ್ದುವಿನಲ್ಲಿ ‘ಫಟ್ ಗಯಾ’, ಇಂಗ್ಲಿಷಿನಲ್ಲಿ ‘ವೆಂಟ್ ಬ್ಯಾಡ್’. ಮೂರರಲ್ಲೂ ಹಾಲು ಪಾತ್ರೆ ಬಿಟ್ಟು ಎಲ್ಲಿಗೂ ಹೋಗಿಲ್ಲ. ಅಂದಹಾಗೆ ಈ ‘ವೆಂಟ್’ ಮೂಲತಃ ‘ಗೋ’ ಪದದ ಮಗುವಲ್ಲ. ‘ವೆಂಡ್’ ಎಂಬ ಇನ್ನೊಂದು ಹಳೆಯ ಕ್ರಿಯಾಪದದ ಭೂತಕಾಲ ರೂಪ ಅದು, ‘ಗೋ’ ಮನೆಗೆ ಬಂದು ಇಲ್ಲಿಯೇ ಉಳಿಯಿತು. ‘ಗೋಯ್ಡ್’ ಎಂದು ಬರೆಯುವ ಚಿಕ್ಕ ಮಕ್ಕಳನ್ನು ಅದಕ್ಕೇ ನಾನೀಗ ಬೈಯುವುದಿಲ್ಲ.

ಆ ಹುಡುಗನ ಹತ್ತಿರ ಕ್ಷಮೆ ಕೇಳಲು ನನಗೆ ಎರಡು ವಾರ ಬೇಕಾಯಿತು. ತರಗತಿಯ ಎದುರೇ ನಕ್ಕಿದ್ದರಿಂದ ತರಗತಿಯ ಎದುರೇ ಕೇಳಿದೆ. ಅವನು ಏನೂ ಹೇಳಲಿಲ್ಲ. ಕೆಲವು ದಿನಗಳ ನಂತರ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಸರ್, ನಾನಿ ಹ್ಯಾಸ್ ಗಾನ್ ಹೋಮ್ ಅನ್ನಬೇಕಾ, ಕಮ್ ಹೋಮ್ ಅನ್ನಬೇಕಾ?” ಎಂದು ಕೇಳಿದ. ಶಾಲೆಯಲ್ಲಿ ಕೂತು ಬರೆದರೆ ‘ಗಾನ್’, ಮನೆಯಲ್ಲಿ ಕೂತು ಬರೆದರೆ ‘ಕಮ್’ ಎಂದೆ. ಶಾಲೆಯಲ್ಲೇ ಕೂತು ‘ಕಮ್’ ಎಂದು ಬರೆದ. ನಾನು ತಿದ್ದಲಿಲ್ಲ. ಮನಸ್ಸು ಮನೆಯಲ್ಲಿದ್ದರೆ ಇಂಗ್ಲಿಷಿನವರೂ ಹಾಗೆ ಬರೆಯುತ್ತಾರೆ.

ಪದಾಧಿಕಾರಿಗಳಲ್ಲಿ ಒಂದು ಕೋರಿಕೆ. ನಮ್ಮ ವಾಚನಾಲಯಕ್ಕೆ ಗೈಡುಗಳ ಬದಲು ಉದಾಹರಣೆ ವಾಕ್ಯಗಳಿರುವ ನಿಘಂಟುಗಳನ್ನು ತರಿಸಿ, ಬೀರುವಿನಲ್ಲಿ ಬೀಗ ಹಾಕಿ ಇಡದೆ ಮೇಜಿನ ಮೇಲಿಡಿ. ಹರಿದು ಹೋದರೆ ಹೋಗಲಿ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ವಸ್ಸಲಾಮ್.